ನಾನು ಸುತ್ತಿದ ಸುರುಳಿ, ನಾದಿನಿಯ ಮಾಳಿಗೆ

ವಾರದಲ್ಲಿ ಆರು ದಿನ ನಮ್ಮವರು ಕಪನೂರಿನ ಮೋಟಾರುಗಳಿಗೆ ಸೇರಿದವರು. ಉಳಿದ ಭಾನುವಾರವಾದರೂ ನನ್ನದು ಎಂದು ಅಂದುಕೊಂಡಿದ್ದೆ. ಅದನ್ನು ನನ್ನ ನಾದಿನಿ ಕಸಿದುಕೊಂಡಳು. ಕಸಿದುಕೊಂಡಳು ಅಂತಲೇ ಹೇಳುತ್ತೇನೆ, ಮೆತ್ತಗೆ ಹೇಳುವ ಸ್ವಭಾವ ನನ್ನದಲ್ಲ. ನಮ್ಮವರಿಗೆ ಅವಳು ಅಕ್ಕ, ನನಗಿಂತ ಎಷ್ಟೋ ದೊಡ್ಡವಳು. ಎದುರಿಗೆ ನಿಂತಾಗ ಅಕ್ಕಾರೆ, ಬರ್ರಿ, ಕೂಡ್ರಿ ಅನ್ನುತ್ತೇನೆ. ಬರೆಯುವಾಗ ಮಾತ್ರ ಅವಳು ಅಂತ ಬರೆಯುತ್ತೇನೆ. ಇಷ್ಟಾದರೂ ನನಗಿರಲಿ.

ನಮ್ಮ ಮನೆ ಕಲಬುರಗಿ ಕೋಟೆಯ ಹಿಂದಿನ ಓಣಿಯಲ್ಲಿದೆ. ಮಗಳು ಬೀದರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಮನೆಯಲ್ಲಿ ನಾವಿಬ್ಬರೇ. ನಾನು ಬ್ಲೌಸ್ ಹೊಲಿಯುತ್ತೇನೆ. ನಮ್ಮವರಿಗೆ ಕಪನೂರಿನಲ್ಲಿ ಸಣ್ಣದೊಂದು ವರ್ಕ್‌ಶಾಪಿದೆ. ಸುಟ್ಟ ಮೋಟಾರು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುತ್ತಾರೆ. ಸುತ್ತಲಿನ ಊರುಗಳ ಬೋರಿನ ಮೋಟಾರೆಲ್ಲ ಅಲ್ಲಿಗೇ ಬರುತ್ತವೆ. ಇಂಥವರ ಮನೆಯ ಅಡುಗೆಮನೆಯಲ್ಲಿ ಸ್ವಿಚ್ ಒತ್ತಿದರೆ ಕಿಡಿ ಹಾರುತ್ತದೆ. ಪಡಸಾಲೆಯ ಪಂಖ ತಿರುಗುವಾಗ ಕರಕರ ಹಲ್ಲು ಕಡಿಯುತ್ತದೆ. ನಾನೂ ಕಡಿಯುತ್ತೇನೆ.

"ರೀ, ಆ ಸ್ವಿಚ್ ಜರಾ ನೋಡ್ರಿ. ಒಂದಿನ ನನ್ನ ಕೈ ಸುಡ್ತದ."

"ಆಯ್ತಾರ ನೋಡ್ತೀನಿ."

ಭಾನುವಾರ ಬರುತ್ತಿತ್ತು. ಚಹಾ ಕುಡಿದು, ಮೀಟರು, ಸ್ಕ್ರೂಡ್ರೈವರು, ಟೇಪಿನ ಉಂಡೆ ಎಲ್ಲ ಚೀಲಕ್ಕೆ ತುಂಬಿ ಬೈಕ್ ಹತ್ತುತ್ತಿದ್ದರು.

"ಎಲ್ಲಿಗಿ?"

"ಕಮಲಾಪುರಕ್ಕ. ಅಕ್ಕನ ಮನಿ ಇನ್ವರ್ಟರ್ ಮತ್ತ ನಿಂತದ."

ಅಕ್ಕನ ಮನೆ ಇನ್ವರ್ಟರ್! ಆ ಮಾತು ಕೇಳಿದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರುತ್ತಿತ್ತು. ಏಕೆಂದರೆ ಆ ಇನ್ವರ್ಟರಿಗೆ ಕರೆಂಟು ಕೊಡುವ ಗಾಳಿಪಂಖ ಹುಟ್ಟಿದ್ದು ನನ್ನ ಮನೆಯಲ್ಲಿ, ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ, ಅರ್ಧಕ್ಕರ್ಧ ನನ್ನ ಕೈಯಿಂದ.

ಹೋದ ಚಳಿಗಾಲದಲ್ಲಿ ಇವರಿಗೆ ಅದರ ಹುಚ್ಚು ಹಿಡಿಯಿತು. ಜೀವನವೆಲ್ಲ ಕರೆಂಟು ತಿಂದು ತಿರುಗುವ ಮೋಟಾರು ಕಟ್ಟಿದ್ದಾಯಿತು, ಒಂದಾದರೂ ಗಾಳಿಗೆ ತಿರುಗಿ ಕರೆಂಟು ಕೊಡುವಂಥದ್ದು ಕಟ್ಟಬೇಕು ಅಂದರು. ವರ್ಕ್‌ಶಾಪಿನ ಆಳುಗಳಿಗೆ ಗಿರಾಕಿಗಳ ಕೆಲಸವೇ ಮುಗಿಯುತ್ತಿರಲಿಲ್ಲ. ಹಾಗಾಗಿ ಸುರುಳಿ ಸುತ್ತುವ ಕೆಲಸ ಮನೆಗೆ ಬಂತು. ಕಟ್ಟಿಗೆಯ ಅಚ್ಚು, ಅದಕ್ಕೊಂದು ಹಿಡಿ. ತಿರುವುತ್ತ ಹೋದಂತೆ ತಾಮ್ರದ ತಂತಿ ಅಚ್ಚಿನ ಮೇಲೆ ಸಾಲಾಗಿ ಕೂರಬೇಕು. ಬಿಗಿ ಹೆಚ್ಚಾದರೆ ತಂತಿಯ ಮೇಲಿನ ಲೇಪ ಸುಲಿಯುತ್ತದೆ, ಸಡಿಲಾದರೆ ಒಂದು ಎಳೆ ಇನ್ನೊಂದರ ಮೇಲೇರಿ ಗಂಟು ಬೀಳುತ್ತದೆ. ಇವರ ದಪ್ಪ ಬೆರಳಿಗೆ ಅದು ಒಗ್ಗಲಿಲ್ಲ. ದೊಡ್ಡ ಮೋಟಾರಿನ ಅಭ್ಯಾಸ. ಎರಡು ಸುರುಳಿ ಕೆಡಿಸಿ ಸಿಟ್ಟಿಗೆದ್ದಾಗ ನಾನು ಹಿಡಿ ಕಸಿದುಕೊಂಡು ಕೂತೆ. ಹುಕ್ಕು, ಕಾಜಾ, ಅಂಚಿನ ಹೊಲಿಗೆ ಮಾಡಿದ ಕೈ ನನ್ನದು. ಅದಾದ ಮೇಲೆ ಎಲ್ಲ ಸುರುಳಿಯನ್ನೂ ನಾನೇ ಸುತ್ತಿದೆ. ಮದುವೆ ಸೀಸನ್ನಿನ ಬ್ಲೌಸುಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು, ಗಿರಾಕಿಗಳಿಂದ ಬೈಸಿಕೊಂಡು ಸುತ್ತಿದೆ.

ಒಂದೊಂದು ಸುರುಳಿ ಮುಗಿದಾಗಲೂ ಇವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಆತು, ಇಡು," ಅನ್ನುತ್ತಿದ್ದರು. ಅಷ್ಟೇ. ಚಲೋ ಆಗ್ಯಾವ ಅಂತ ಒಂದು ಮಾತು? ಊಹ್ಞೂಂ. ಆತು, ಇಡು. ಉಪ್ಪಿನ ಡಬ್ಬಿ ತಂದುಕೊಟ್ಟರೂ ಇದನ್ನೇ ಅನ್ನುತ್ತಾರೆ.

ಪಂಖವನ್ನು ಮೊದಲು ನಿಲ್ಲಿಸಿದ್ದು ನಮ್ಮ ಮಾಳಿಗೆಯ ಮೇಲೆಯೇ. ಆದರೆ ನಮ್ಮ ಓಣಿಯಲ್ಲಿ ಗಾಳಿ ನೇರ ಬರುವುದಿಲ್ಲ. ಸುತ್ತ ಎಲ್ಲರೂ ಮನೆಯ ಮೇಲೆ ಮನೆ ಏರಿಸಿದ್ದಾರೆ. ಗಾಳಿ ಗೋಡೆಗೆ ಬಡಿದು, ತಿರುಗಿ, ಮತ್ತೊಂದು ಗೋಡೆಗೆ ಬಡಿದು ಬರುತ್ತದೆ. ಪಂಖ ಒಮ್ಮೆ ಕೋಟೆಯ ಕಡೆ ಮುಖ ಮಾಡುತ್ತಿತ್ತು, ಮರುಗಳಿಗೆ ಜಗತ್ ಸರ್ಕಲ್ಲಿನ ಕಡೆ. ತಿರುಗಿದ್ದಕ್ಕಿಂತ ಒದ್ದಾಡಿದ್ದೇ ಹೆಚ್ಚು. ಪಕ್ಕದ ಮನೆಯವರು ಗೋಡೆ ನಡುಗುತ್ತದೆ ಅಂತ ತಕರಾರು ತೆಗೆದರು. ಅಷ್ಟು ಹೊತ್ತಿಗೆ ಕಮಲಾಪುರದಿಂದ ಫೋನು.

"ತಮ್ಮಾ, ನಮ್ಮ ಮಾಳಗಿ ಮ್ಯಾಲ ಗಾಳಿಗಿ ನಿಂದ್ರಲಾಕ ಆಗಂಗಿಲ್ಲ. ಇಲ್ಲೇ ತಂದು ಹಚ್ಚಬಾರದೇನು?"

ಅವಳ ಮನೆ ಊರ ಹೊರಗೆ, ಹುಮನಾಬಾದ್ ರಸ್ತೆಯ ಏರಿನ ಮೇಲಿದೆ. ಇವರು ಹುಟ್ಟಿ ಬೆಳೆದ ಮನೆಯೂ ಅದೇ, ಮದುವೆಯಾದ ಮೇಲೂ ಅಕ್ಕ ಅಲ್ಲೇ ಉಳಿದಳು. ಗಾಳಿಗೆ ಅಡ್ಡವಿಲ್ಲ, ಅದು ನಿಜ. ಅವಳ ಗಂಡ ಲಾರಿ ಓಡಿಸುತ್ತಾರೆ, ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಾರೆ, ಮನೆಯಲ್ಲಿ ಅವಳೊಬ್ಬಳೇ. ಇವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಪಂಖ ಬಿಚ್ಚಿದರು, ಸಾಮಾನು ಹೊರುವ ಟಂಟಂ ಆಟೋ ಕರೆಸಿದರು, ಹೇರಿದರು. ನಾನು ಕಣ್ಣು ನೋಯಿಸಿಕೊಂಡು ಹೊಲಿದ ಬ್ಲೌಸನ್ನು ಅವಳು ತೊಟ್ಟು ಮದುವೆಗೆ ಹೊರಟ ಹಾಗಾಯಿತು ನನಗೆ. ಟಂಟಂ ಓಣಿ ದಾಟುವವರೆಗೂ ಬಾಗಿಲಲ್ಲಿ ನಿಂತು ನೋಡಿದೆ.

ಅಲ್ಲಿ ಅದು ತಿರುಗಿತು. ಭರ್ರೋ ಅಂತ ತಿರುಗಿತು. ಕಮಲಾಪುರದಲ್ಲಿ ಅವಳ ಮನೆಗೆ "ಪಂಖಾದ ಮನಿ" ಅಂತ ಹೆಸರೇ ಬಿತ್ತು. ಎಲ್ಲವೂ ಆಯಿತು, ಇನ್ವರ್ಟರು ಮಾತ್ರ ಕೇಳಲಿಲ್ಲ.

ಈ ಇನ್ವರ್ಟರು ನಮ್ಮ ನಿಮ್ಮ ಮನೆಯ ಮೂಲೆಯಲ್ಲಿ ಬ್ಯಾಟರಿ ಕಟ್ಟಿಕೊಂಡು ಗುಂಯ್‌ಗುಡುವಂಥದ್ದಲ್ಲ. ಇದಕ್ಕೆ ಬ್ಯಾಟರಿಯೇ ಇಲ್ಲ. ಗಾಳಿಯ ಜೊತೆ ಪಂಖದ ಕರೆಂಟು ಏರುತ್ತ ಇಳಿಯುತ್ತ ಇರುತ್ತದೆ. ಅದನ್ನು ಹದಮಾಡಿ, ಕಂಬದಿಂದ ಮನೆಗೆ ಬರುವ ಕರೆಂಟಿನ ತಾಳಕ್ಕೆ ತಾಳ ಹೊಂದಿಸಿ, ಅದರೊಳಗೇ ಬೆರೆಸುವುದು ಇದರ ಕೆಲಸ. ಕಂಬದ ಕರೆಂಟು ಇಲ್ಲವೆಂದರೆ ಇದೂ ಆ ಕ್ಷಣವೇ ಕೈ ಬಿಡುತ್ತದೆ. ಹಾಗೆ ಬಿಡಲೇಬೇಕಂತೆ, ಇಲ್ಲದಿದ್ದರೆ ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಪಂಖದ ಕರೆಂಟು ಹೊಡೆಯುತ್ತದೆ. ಇನ್ವರ್ಟರು ಕೈ ಬಿಟ್ಟಾಗ ಪಂಖ ಹುಚ್ಚೆದ್ದು ತಿರುಗಬಾರದಲ್ಲ. ಅದಕ್ಕೆ ಪಕ್ಕದಲ್ಲಿ ಹೀಟರಿನ ಸುರುಳಿ ಇರುವ ಕಬ್ಬಿಣದ ಡಬ್ಬಿಯೊಂದನ್ನು ಕೂರಿಸಿದ್ದರು. ಆಗ ಕರೆಂಟೆಲ್ಲ ಅದಕ್ಕೆ ಹರಿದು, ಬರೀ ಬಿಸಿಯಾಗಿ ಹಾಳಾಗುತ್ತದೆ.

ಇನ್ವರ್ಟರಿಗೆ ಎಲ್ಲವನ್ನೂ ಕಲಿಸಬೇಕು. ಚಿಕ್ಕ ಪರದೆ, ಅದರ ಕೆಳಗೆ ಬಟನ್ನುಗಳು. ನಿನಗೆ ಕರೆಂಟು ಕೊಡುವುದು ಬಿಸಿಲಲ್ಲ, ಗಾಳಿ ಎಂದು ಹೇಳಬೇಕು. ಪಂಖ ಇಷ್ಟು ಜೋರಾದಾಗ ಎದ್ದೇಳು, ಇಷ್ಟಾದಾಗ ಇಷ್ಟು ಎಳೆದುಕೋ, ಇನ್ನೂ ಜೋರಾದರೆ ಇನ್ನಷ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆಯಬೇಕು. ಬೇಗ ಎಳೆದರೆ ಪಂಖ ದಣಿದು ನಿಂತುಬಿಡುತ್ತದೆ. ಎಳೆ ಹೋರಿಗೆ ಮೊದಲ ದಿನವೇ ತುಂಬಿದ ಬಂಡಿ ಕಟ್ಟಿದರೆ ಅದು ಕೂತುಬಿಡುವುದಿಲ್ಲವೇ, ಹಾಗೆ. ತಡವಾಗಿ ಎಳೆದರೆ ಗಾಳಿ ಸುಮ್ಮನೆ ಹೋಗುತ್ತದೆ. ಕಂಬದ ಕರೆಂಟು ಎಷ್ಟು ಇಳಿದರೆ ತಡೆದುಕೊಳ್ಳಬೇಕು, ಎಷ್ಟು ಏರಿದರೆ ಬಿಡಬೇಕು, ಬಿಟ್ಟ ಮೇಲೆ ಎಷ್ಟು ಹೊತ್ತು ಕಾದು ಮತ್ತೆ ಸೇರಬೇಕು ಎಂಬುದನ್ನೂ ಹೇಳಬೇಕು. ಇವನ್ನೆಲ್ಲ ನಮ್ಮವರು ಊಟದ ಹೊತ್ತಿನಲ್ಲಿ ಬಾಯಿಗೆ ತುತ್ತಿಟ್ಟುಕೊಳ್ಳುವುದನ್ನೂ ಮರೆತು ನನಗೆ ವಿವರಿಸಿದ್ದರು. ನನಗೆ ಇಷ್ಟು ಗೊತ್ತಾಗಿದ್ದು ಹಾಗೆ. ಇಷ್ಟು ಹೊತ್ತು ನನ್ನ ಮುಖ ನೋಡಿ ಇವರು ಮಾತಾಡಿದ್ದು ನಮ್ಮ ಮದುವೆಯ ಹೊಸತರಲ್ಲಿ ಮಾತ್ರ.

ಒಂದು ಭಾನುವಾರ ಹೋಗಿ ಮೆಟ್ಟಿಲುಗಳನ್ನು ತಿದ್ದಿ ಬಂದರು. ಅವರೆದುರು ಸಣ್ಣ ಗಾಳಿಗೆ ಎಲ್ಲ ಸರಿ ನಡೆಯಿತು. ಮುಂದಿನ ವಾರ ಹೋಗಿ ನೋಡಿದರೆ ಇನ್ವರ್ಟರಿನ ಲೆಕ್ಕದಲ್ಲಿ ಕರೆಂಟು ಏನೂ ಸೇರಿಲ್ಲ. ಹೀಟರಿನ ಡಬ್ಬಿಯ ಬಣ್ಣ ಮಾತ್ರ ಸೀದು ಕಂದಾಗಿದೆ. ಜೋರು ಗಾಳಿ ಬೀಸಿದಾಗಲೆಲ್ಲ ಇನ್ವರ್ಟರು ಕೈ ಬಿಟ್ಟಿದೆ. ಏಕೆಂದು ಅದನ್ನೇ ಕೇಳಿದರೆ "ಲೈನ್ ಇಲ್ಲ" ಎಂದು ತೋರಿಸುತ್ತಿತ್ತು. ಇವರು ಅಕ್ಕನನ್ನು ಕೇಳಿದರು.

"ಅಕ್ಕಾ, ಜೋರ್ ಗಾಳಿ ಬಿಟ್ಟಾಗ ಕರೆಂಟ್ ಇರ್ತದೇನು?"

"ಎಲ್ಲಿ ಇರ್ತದ ತಮ್ಮಾ? ಗಾಳಿ ಬಿಟ್ರ ಮನ್ಯಾಗ ಕರೆಂಟ್ ಇರಂಗಿಲ್ಲ."

ಸರಿ, ಲೈನಿನದೇ ತಪ್ಪು ಎಂದು ತೀರ್ಮಾನವಾಯಿತು. ಲೈನು ಸ್ವಲ್ಪ ಅಲುಗಾಡಿದರೆ ತಡೆದುಕೊಳ್ಳುವಂತೆ ಒಂದು ವಾರ ತಿದ್ದಿದರು. ಕಾಯುವ ಹೊತ್ತು ಕಡಿಮೆ ಮಾಡಿ ಇನ್ನೊಂದು ವಾರ. ಲೈನ್‌ಮನ್‌ಗೆ ಫೋನು ಮಾಡಿ ಜಗಳವಾಡಿದರು, ಅವನು "ಲೈನ್ ಇತ್ತಲ್ರೀ ಸಾಹೇಬ್ರ, ಸುಮ್ಮ ಯಾಕ ಪರೇಶಾನ್ ಮಾಡ್ತೀರಿ?" ಅಂದನಂತೆ. ಸುಳ್ಳು ಹೇಳುತ್ತಾನೆ ಬದ್ಮಾಶ್ ಎಂದು ಇವರು ಬೈದರು. ಹೀಗೆ ನನ್ನ ಭಾನುವಾರಗಳು ಒಂದೊಂದಾಗಿ ಕಮಲಾಪುರದ ರಸ್ತೆ ಹಿಡಿದವು.

ಸಂಜೆ ಬರುವಾಗ ಬೈಕಿನ ಹಿಂದೆ ಕೆಂಪು ಬಾಳೆಹಣ್ಣಿನ ಚಿಪ್ಪು ಕಟ್ಟಿಕೊಂಡು ಬರುತ್ತಿದ್ದರು. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಾನು ಮುಟ್ಟುತ್ತಿರಲಿಲ್ಲ.

"ಅಕ್ಕ ನಿನಗಂತೇ ಕೊಟ್ಟಾಳ, ತಿನ್ನು."

"ಹಸಿವಿಲ್ಲ."

ಹಸಿವಿತ್ತು. ಹಣ್ಣಿನ ವಾಸನೆ ಮನೆ ತುಂಬ ಹಬ್ಬಿ ಬಾಯಲ್ಲಿ ನೀರು ಬರುತ್ತಿತ್ತು. ಆದರೂ ಅವು ಕಪ್ಪಾಗುವವರೆಗೂ ನೋಡುತ್ತ ಕೂತಿರುತ್ತಿದ್ದೆ. ಮಧ್ಯಾಹ್ನ ಅಲ್ಲಿ ಪುಂಡಿಪಲ್ಯ, ಶೇಂಗಾ ಹಿಂಡಿ ಊಟ ಮಾಡಿದೆ, ಅಕ್ಕನ ಕೈರುಚಿಯೇ ಬೇರೆ ಅನ್ನುವರು. ನನ್ನ ಕೈ ಏನು, ವಿಷವೇ? ಆಷಾಢದ ಗಾಳಿ ಶುರುವಾದ ಮೇಲೊಂದು ದಿನ ತಡೆಯಲಾಗಲಿಲ್ಲ.

"ಅಲ್ಲೇ ಇದ್ದುಬಿಡ್ರಿ ನೀವು. ಸ್ವಿಚ್ ಇಲ್ಲಿ ಕಿಡಿ ಹಾರಸ್ತದ, ಪಂಖಾ ಹಲ್ಲು ಕಡೀತದ, ಹೆಂಡ್ತಿ ಗ್ವಾಡಿ ಕೂಡ ಮಾತಾಡ್ತಾಳ. ನಿಮಗ ಇವೆಲ್ಲ ಕಾಣಂಗಿಲ್ಲ."

"ಇನ್ವರ್ಟರ್ ಒಂದು ಬರೋಬ್ಬರಿ ಕುಂತ್ರ ಮತ್ಯಾಕ ಹೋಗ್ಲಿ? ಎಲ್ಲಾ ಆಯ್ತಾರ ಮನ್ಯಾಗೇ ಇರ್ತೀನಿ."

ಆ ಮಾತನ್ನು ನಾನು ಸೆರಗಿಗೆ ಕಟ್ಟಿಕೊಂಡೆ. ಇನ್ವರ್ಟರ್ ಸರಿಯಾದರೆ ಭಾನುವಾರ ನನಗೆ ವಾಪಸು. ಅಲ್ಲಿ ಏನು ನಡೆಯುತ್ತಿದೆ ಎಂದು ನಾನೇ ಹೋಗಿ ನೋಡಬೇಕು ಅನ್ನಿಸಿತು. ಕಾರಣವೂ ಸಿದ್ಧವಿತ್ತು: ಪಂಚಮಿ ಹತ್ತಿರ ಬಂದಿತ್ತು, ಎರಡು ಬ್ಲೌಸ್ ಹೊಲಿದುಕೊಡು ಎಂದು ಅವಳು ಹೇಳಿಕಳಿಸಿದ್ದಳು. ಅಳತೆ ನೋಡಿ ಅಲ್ಲಿನ ಯಂತ್ರದಲ್ಲೇ ಹೊಲಿದುಕೊಟ್ಟು ಬರುತ್ತೇನೆ ಎಂದು ಕತ್ತರಿ, ದಾರ, ಟೇಪು ಚೀಲಕ್ಕೆ ಹಾಕಿ ವಾರದ ನಡುವೆಯೇ ಬಸ್ಸು ಹತ್ತಿದೆ. ಇವರಿಗೆ ಖುಷಿ. ಹೆಂಡತಿಗೂ ಅಕ್ಕನಿಗೂ ಬಾಂಧವ್ಯ ಕುದುರಿತು ಅಂದುಕೊಂಡರು, ಪಾಪ.

ಕಮಲಾಪುರ ಬರುವ ಮೊದಲೇ ಬಸ್ಸಿನ ಕಿಟಕಿಯಿಂದ ಕಾಣಿಸಿತು. ಏರಿನ ಮೇಲೆ, ಅವಳ ಮಾಳಿಗೆಯ ಮೇಲೆ, ನನ್ನ ಪಂಖ. ಎಷ್ಟು ಚೆಂದ ತಿರುಗುತ್ತಿತ್ತು! ಅಯ್ಯೋ, ಇಷ್ಟು ಚೆಂದ ನನ್ನ ಮನೆಯ ಮೇಲೆ ಒಂದು ದಿನವಾದರೂ ತಿರುಗಿದ್ದರೆ ಏನು ಗಂಟು ಹೋಗುತ್ತಿತ್ತು ಇದರದ್ದು? ಪಕ್ಕದಲ್ಲಿ ಕೂತ ಹೆಣ್ಣುಮಗಳು, "ನೋಡ್ರಿ, ಆ ಪಂಖಾದ ಮನಿಯಾಕಿ ಭಾಳ ಪುಣ್ಯವಂತಳು, ತಮ್ಮ ಹಚ್ಚಿಕೊಟ್ಟಾನಂತ," ಅಂದಳು. ನಾನು ಮುಖ ಗಂಟು ಹಾಕಿಕೊಂಡು ಇಳಿದೆ.

ನಾದಿನಿ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡಳು. "ಬಾ ಯವ್ವಾ ತಂಗಿ, ಕೂಡು, ಹಸದಿರಬೇಕು," ಎಂದು ಚಹಾ, ಚುರಮುರಿ, ಅದೇ ಕೆಂಪು ಬಾಳೆಹಣ್ಣು ತಂದಿಟ್ಟಳು. ಇಷ್ಟು ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಪಟ್ಟವರಿಗೇ ಗೊತ್ತು. ಆದರೆ ಗೋಡೆಯ ಮೇಲಿನ ಇನ್ವರ್ಟರು ಕಣ್ಣಿಗೆ ಬಿದ್ದಾಗ ನನ್ನ ಹೊಟ್ಟೆ ಮತ್ತೆ ಹೊತ್ತಿಕೊಂಡಿತು. ಅದಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿದ್ದಳು.

ಮಧ್ಯಾಹ್ನದ ಊಟ ಮುಗಿಸಿ ನಾನು ಬಟ್ಟೆ ಕತ್ತರಿಸುತ್ತ ಕೂತಿದ್ದೆ. ಗಾಳಿ ಏರಿತು. ಅಂಗಳದ ಬೇವಿನ ಮರ ಒಂದೇ ಕಡೆ ಬಾಗಿತು, ಮೇಲೆ ಪಂಖದ ಸದ್ದು ದಪ್ಪವಾಯಿತು. ಇನ್ವರ್ಟರಿನ ಪರದೆಯಲ್ಲಿ ಅಂಕಿ ಏರತೊಡಗಿತು. ಏರಲಿ, ಏರಲಿ ಅಂತ ನಾನು ಕತ್ತರಿ ಕೆಳಗಿಟ್ಟೆ. ಅಷ್ಟರಲ್ಲಿ ನಾದಿನಿ ಒಳಗಿನಿಂದ ಓಡಿ ಬಂದಳು. ಹಗ್ಗದ ಮೇಲಿನ ಅರಿವೆ ಎಳೆದುಕೊಂಡಳು, ಕಿಟಕಿ ಮುಚ್ಚಿದಳು, ಬಾಗಿಲ ಪಕ್ಕದ ಕಬ್ಬಿಣದ ಮೇನ್ ಸ್ವಿಚ್ಚಿನ ಹಿಡಿಯನ್ನು ಖಟ್ಟೆಂದು ಕೆಳಗೆಳೆದಳು. ಎಲ್ಲವೂ ಒಂದೇ ಓಟದಲ್ಲಿ. ಇನ್ವರ್ಟರು ಒಮ್ಮೆ ಕಿಂಯ್ ಎಂದಿತು. ಪರದೆಯ ಮೇಲೆ "ಲೈನ್ ಇಲ್ಲ" ಬಂತು. ಹೀಟರಿನ ಡಬ್ಬಿ ಬಿಸಿಯೇರಿ ಟಿಕ್ ಟಿಕ್ ಅನ್ನತೊಡಗಿತು.

ನಾನು ಬಾಯಿ ತೆರೆದು ನೋಡುತ್ತ ಕೂತೆ. ಎಲಾ ಇವಳ! ಇಷ್ಟು ಭಾನುವಾರ ನನ್ನ ಗಂಡ ತಲೆ ಚಚ್ಚಿಕೊಂಡಿದ್ದು ಇದಕ್ಕೇ? ಕಂಬದಲ್ಲಿ ಕರೆಂಟು ಇದೆ, ಲೈನ್‌ಮನ್ ಖರೇ ಹೇಳಿದ್ದಾನೆ, ಗಾಳಿ ಬಂದಾಗಲೆಲ್ಲ ಈ ಮಹಾತಾಯಿಯೇ ಮೇನ್ ಬಂದ್ ಮಾಡುತ್ತಿದ್ದಾಳೆ. ಗಾಳಿ ನಿಂತ ಮೇಲೆ ಏರಿಸುತ್ತಾಳೆ. ಇವರಿದ್ದಾಗ ತಮ್ಮ ನೋಡಿಕೊಳ್ಳುತ್ತಾನೆಂದು ಮೇನ್ ಮುಟ್ಟುವುದಿಲ್ಲವೇನೋ, ಎಲ್ಲ ಸುಸೂತ್ರ. ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇದೇ ರೂಢಿ. ಗಾಳಿಗೆ ಕಂಬದ ತಂತಿಗಳು ಒಂದಕ್ಕೊಂದು ತಾಗಿ ಮನೆಯ ಸಾಮಾನು ಸುಡುತ್ತದೆ ಎಂದು ನಮ್ಮ ಅವ್ವನೂ ಮೊದಲ ಬೀಸಿಗೇ ಮೇನ್ ಬಂದ್ ಮಾಡ್ರೇ ಎಂದು ಕೂಗುತ್ತಿದ್ದಳು. ನಮ್ಮವರೂ ಇದೇ ಮನೆಯಲ್ಲಿ ಹುಡುಗರಾಗಿದ್ದಾಗ ಸ್ಟೂಲು ಹತ್ತಿ ಇದೇ ಹಿಡಿ ಎಳೆದವರು. ಊರು ಬಿಟ್ಟು ಕಲಬುರಗಿ ಸೇರಿದ ಮೇಲೆ ಮರೆತಿದ್ದರು.

ನನಗಾದ ಸಂತೋಷ ಹೇಳತೀರದು. ಭಾನುವಾರ ಇವರು ಬರಲಿ, ಇಬ್ಬರ ನಡುವೆ ನಿಂತು, "ಲೈನ್ ಕೆಟ್ಟಿಲ್ರಿ, ನಿಮ್ಮ ಅಕ್ಕನ ಕೈ ನೋಡ್ರಿ," ಅನ್ನಬೇಕು. ಆ ಮಾತನ್ನು ಹೇಗೆ ಹೇಳುವುದು, ಹೇಳುವಾಗ ನಗಬೇಕೋ ಬೇಡವೋ ಎಂದು ಕಾಜಾ ಹೊಲಿಯುತ್ತ ಅಭ್ಯಾಸ ಮಾಡಿದೆ. ಸಂಜೆ ಗಾಳಿ ನಿಂತು ಅವಳು ಮೇನ್ ಏರಿಸಿದಾಗ ಮಾತ್ರ ಸುಮ್ಮನಿರಲಾಗಲಿಲ್ಲ, ಕೆಣಕಿದೆ.

"ಅಕ್ಕಾರೆ, ಗಾಳಿ ಬಿಟ್ಟಾಗ ಮೇನ್ ಬಂದ್ ಮಾಡ್ತೀರಿ ಅಂತ ನಿಮ್ಮ ತಮ್ಮಗ ಹೇಳಿಲ್ಲೇನ್ರಿ?"

"ಅದೇನು ಹೇಳೋದು? ಗಾಳಿ ಬಿಟ್ರ ಕಿಡಕಿ ಹಾಕ್ತೀನಿ, ಅರಿಬಿ ತಗೀತೀನಿ. ಎಲ್ಲಾ ಹೇಳ್ಕೋತ ಕೂಡ್ತೀನೇನು? ಒಮ್ಮಿ ಹಿಂಗೇ ಗಾಳಿಗಿ ನಮ್ಮ ಟಿವಿ ಸುಟ್ಟಿತ್ತು. ಈಗ ಈ ಮಷೀನ್ ಬ್ಯಾರೆ ಅದ. ಇದು ಸುಟ್ರ ಏನು ಮಾರಿ ತೋರಿಸ್ಲಿ?"

"ತಮ್ಮ ಮಾಡಿದ್ದಂತ ಅಷ್ಟು ಕಾಳಜಿ ಮಾಡ್ತೀರಿ."

ಅವಳು ನನ್ನ ಕಡೆ ತಿರುಗಿದಳು. "ತಮ್ಮ ಮಾಡಿದ್ದಂತ ಅಲ್ಲ ಯವ್ವಾ. ನಿನ್ನ ಕೈದು ಅಂತ."

ನನ್ನ ಸೂಜಿ ನಿಂತಿತು.

"ಅವ ಬಂದಾಗೊಮ್ಮಿ ಅದೇ ಹಾಡು. ಅಕ್ಕಾ, ನಮ್ಮಾಕಿ ಸುತ್ತಿದಂಗ ಸುತ್ತಲಾಕ ನನ್ನ ವರ್ಕ್‌ಶಾಪಿನಾಗ ಒಬ್ಬನಿಗೂ ಬರಂಗಿಲ್ಲ. ಎಳಿಗಿ ಎಳಿ ಹೊಂದಿ ಕುಂತಾವ, ಬೆಳಕಿಗಿ ಹಿಡದು ನೋಡ್ದೆ, ಒಂದು ಕೂದಲ ಸಂದಿಲ್ಲ. ಮದುವಿ ಸೀಸನ್ ಬಿಟ್ಟು ಸುತ್ಯಾಳ ಅಕ್ಕಾ, ಆಕಿ ಇಲ್ಲಂದ್ರ ಇದು ತಿರಗ್ತಿದ್ದಿಲ್ಲ ಅಂತಾನ. ಉಣ್ಕೋತ ಅಂತಾನ, ಮಾಳಗಿ ಹತ್ಕೋತ ಅಂತಾನ. ಒಂದು ಮಾತು ಹೇಳ್ಲೇನು ತಂಗಿ, ಸಿಟ್ಟಾಗಬ್ಯಾಡ. ನನಗ ಹೊಟ್ಟಿ ಉರೀತದ. ಬರೋದು ನನ್ನ ಮನಿಗಿ, ಉಣ್ಣೋದು ನನ್ನ ಕೈ ರೊಟ್ಟಿ, ಮಾತಾಡೋದು ನಿಂದು. ಅಕ್ಕಾ, ನೀ ಹ್ಯಾಂಗಿದ್ದಿ ಅಂತ ಒಮ್ಮಿ ಕೇಳಿಲ್ಲ ನೋಡು."

ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ದಿನ ಯಾವ ಮನೆಯ ಹೆಸರು ಕೇಳಿದರೆ ನನ್ನ ಮೈ ಉರಿಯುತ್ತಿತ್ತೋ ಅದೇ ಮನೆಯಲ್ಲಿ ಭಾನುವಾರವೆಲ್ಲ ನನ್ನದೇ ಮಾತು. ಖುಷಿಯಾಗಬೇಕಿತ್ತು. ಆದರೆ ಎದೆಗೆ ಒದ್ದ ಹಾಗಾಯಿತು. ಆ ಮಾತು ನನಗೆ ಏಕೆ ಹೇಳಲಿಲ್ಲ? ನನಗೆ "ಆತು, ಇಡು," ಅವಳಿಗೆ "ಒಂದು ಕೂದಲ ಸಂದಿಲ್ಲ!" ಪಂಖ ಹೋಯಿತು, ಭಾನುವಾರ ಹೋಯಿತು, ನನಗೆ ಸೇರಬೇಕಾದ ಮಾತೂ ಬೈಕ್ ಹತ್ತಿ ಇಲ್ಲಿಗೇ ಬಂದಿತ್ತು. ಹೊಲಿಗೆ ಕೈತಪ್ಪಿ ಸೂಜಿ ಬೆರಳಿಗೆ ಚುಚ್ಚಿತು.

ಮರುದಿನ ಊಟದ ಹೊತ್ತಿಗೆ ಮತ್ತೆ ಗಾಳಿ ಎದ್ದಿತು. ಅವಳು ಅರಿವೆ ಎಳೆದು, ಕಿಟಕಿ ಮುಚ್ಚಿ, ಮೇನಿನ ಹಿಡಿಗೆ ಕೈ ಹಾಕಿದಳು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಇರಲಿ ಬಿಡ್ರಿ ಅಕ್ಕಾರೆ."

"ಹುಚ್ಚಿ ಏನು ನೀ? ಸುಡ್ತದ!"

"ಸುಡಂಗಿಲ್ರಿ. ಲೈನ್ ಕೆಟ್ರ ಅದೇ ಬಿಡ್ತದ. ಇಷ್ಟು ಆಯ್ತಾರ ಕುಂತು ಅವರು ಅದಕ್ಕ ಕಲಿಸಿದ್ದೇ ಅದು. ಟಿವಿದು ವಯರ್ ಒಂದು ತಗೀರಿ, ಸಾಕು."

ಅವಳು ನಂಬಲಿಲ್ಲ. ಟಿವಿಯ ವಯರು ಕಿತ್ತು ಬಂದು ನನ್ನ ಪಕ್ಕ ನಿಂತು ಸೆರಗಿನ ತುದಿ ಕಚ್ಚಿಕೊಂಡಳು. ಪಂಖದ ಸದ್ದು ಏರಿತು. ಪರದೆಯ ಅಂಕಿ ಏರಿತು, ಇನ್ನೂ ಏರಿತು, ಒಮ್ಮೆ ಇಳಿಯಿತು, ಅವಳು 'ಅಯ್ಯ ಶಿವನೇ' ಅಂದಳು, ಮತ್ತೆ ಏರಿತು. ನಾನು ಹೀಟರಿನ ಡಬ್ಬಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ತಣ್ಣಗಿತ್ತು. ನಾನು ಸುತ್ತಿದ ತಂತಿಯಲ್ಲಿ ಹುಟ್ಟಿದ ಕರೆಂಟು ಮೊದಲ ಸಲ ಎಲ್ಲಿ ಸೇರಬೇಕೋ ಅಲ್ಲಿ ಸೇರುತ್ತಿತ್ತು. ಒಂದು ಗಳಿಗೆ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ನಾದಿನಿ ಪರದೆಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಹೇಳಿದಳು, "ಇನ್ನ ತಮ್ಮ ಬರಂಗಿಲ್ಲ ನೋಡು."

ಅದಕ್ಕೇ ಅಲ್ಲವೇ ನಾನು ಬಂದಿದ್ದು?

ಇವರಿಗೆ ಫೋನು ಮಾಡಿ ಇನ್ವರ್ಟರು ನಡೆಯುತ್ತಿದೆ ಎಂದೆ. "ಹೌದೇನು! ಯಾವ ಸೆಟಿಂಗ್ ಹಿಡೀತು?" ಎಂದು ಕೂಗಿದರು. ನಾಲಿಗೆಯ ತುದಿಗೆ ಬಂದಿತ್ತು ಮೇನಿನ ಸುದ್ದಿ. ಹೇಳಲಿಲ್ಲ. ದೊಡ್ಡ ಮನಸ್ಸು ಮಾಡಿದೆ ಅಂತ ಯಾರೂ ತಿಳಿಯಬೇಡಿ. ಹೇಳಿದ್ದರೆ ಇವರು ಗಹಗಹಿಸಿ ನಕ್ಕು, ನೋಡು ನಮ್ಮ ಅಕ್ಕ ಇನ್ನೂ ಅವ್ವನಂಗೇ ಇದ್ದಾಳ ಎಂದು ಅವಳನ್ನು ಇನ್ನಷ್ಟು ಮುದ್ದು ಮಾಡುತ್ತಿದ್ದರು. "ನೀವ್ ಹೋದ ಆಯ್ತಾರ ಮಾಡಿದ್ದೇ ಸೆಟಿಂಗ್ ಅದ," ಎಂದೆ. "ನಾ ಹೇಳಿದ್ನಿಲ್ಲ? ಲೈನ್‌ಮನ್ ಅಂಜ್ಯಾನ, ಲೈನ್ ಸರಿ ಮಾಡ್ಯಾನ," ಎಂದರು.

ಭಾನುವಾರ ಬಂತು. ನನ್ನ ಭಾನುವಾರ. ಇವರು ಮನೆಯಲ್ಲಿಯೇ ಇದ್ದರು. ಅಡುಗೆಮನೆಯ ಸ್ವಿಚ್ಚು ಬದಲಾಯಿಸಿದರು, ಪಡಸಾಲೆಯ ಪಂಖ ಇಳಿಸಿ ಎಣ್ಣೆ ಬಿಟ್ಟರು. ಉಂಡರು. ಗೋಡೆಗೆ ಒರಗಿ ಕೂತರು. ನಾನು ಹೊಲಿಗೆ ಬಿಟ್ಟು ಪಕ್ಕದಲ್ಲೇ ಕೂತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ. ಕಡೆಗೆ ನಾಚಿಕೆ ಬಿಟ್ಟು ನಾನೇ ಕೇಳಿದೆ.

"ರೀ, ನಾ ಸುತ್ತಿದ್ದು ಕಾಯಿಲ್ ಹ್ಯಾಂಗ್ ಆಗಿದ್ವು?"

"ಯಾವವು?"

"ಪಂಖಾದ್ದು."

"ಹ್ಞಾಂ. ಬರೋಬ್ಬರಿ ಅವ," ಎಂದು ಆಕಳಿಸಿದರು.

ಹಾಳಾಗಿ ಹೋಗಲಿ ಇವರ ಬಾಯಿ! ಪಂಖ ಈಗ ಹಲ್ಲು ಕಡಿಯುತ್ತಿರಲಿಲ್ಲ, ಕಡಿಯುವ ಕೆಲಸವೆಲ್ಲ ನನಗೇ ಉಳಿಯಿತು. ಆ ಸದ್ದಿಲ್ಲದ ಮನೆಯಲ್ಲಿ ಇವರ ಪಕ್ಕ ಕೂತು, ಗೆದ್ದ ಭಾನುವಾರವನ್ನು ಏನು ಮಾಡಬೇಕೋ ತಿಳಿಯದೆ ಸಂಜೆ ಮಾಡಿದೆ. ಮರು ಭಾನುವಾರ ಎದ್ದವಳೇ ಹೇಳಿದೆ, "ನಡೀರಿ, ಕಮಲಾಪುರಕ್ಕ ಹೋಗೋಣ. ಬ್ಲೌಸ್ ಕೊಡೋದು ಉಳದದ, ಪಂಚಮಿ ಉಂಡಿನೂ ಕೊಟ್ಟು ಬರೋಣ." ಬ್ಲೌಸು ಅಂದೇ ಕೊಟ್ಟಾಗಿತ್ತು. ಇವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. ನಾನೇ ಚೀಲ ಹೆಗಲಿಗೇರಿಸಿ ಬೈಕಿನ ಹಿಂದೆ ಕೂತೆ.

ಅಲ್ಲಿ ರೊಟ್ಟಿ ನಾನು ಬಡಿಯುತ್ತೇನೆ ಎಂದು ಹಟ ಹಿಡಿದು ಅಡುಗೆಮನೆ ಸೇರಿದೆ. ಅಕ್ಕ ತಮ್ಮ ಆಚೆ ಪಡಸಾಲೆಯಲ್ಲಿ ಕೂತಿದ್ದರು. ಬಾಗಿಲು ಓರೆಯಾಗಿತ್ತು. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮಾತು ಕೇಳುವುದಿಲ್ಲವೆಂದು ಮೆತ್ತಗೆ ಬಡಿದೆ. ಲೈನ್‌ಮನ್ ಮಾತಾಯಿತು, ಭಾವನ ಲಾರಿಯ ಮಾತಾಯಿತು. ಒಂದು ಸಲ ಸಪ್ಪಳ ಪೂರ್ತಿ ನಿಂತಾಗ ನಾದಿನಿ ಬಾಗಿಲ ಕಡೆ ತಿರುಗಿ ನೋಡಿದಳು. ನನ್ನ ಅವಳ ಕಣ್ಣು ಕೂಡಿದವು. ಅವಳಿಗೆ ತಿಳಿದುಹೋಯಿತು. ಹಿಟ್ಟಿನ ಕೈ ಹಾಗೇ ಹಿಡಿದು ನಿಂತ ನಾನು ಎತ್ತ ನೋಡಲಿ?

ಅವಳು ಮೆಲ್ಲಗೆ ಆ ಕಡೆ ತಿರುಗಿ, ಏನೂ ಅರಿಯದವಳ ಹಾಗೆ, "ಏ ತಮ್ಮಾ, ಆ ಕಾಯಿಲ್ ಯಾರೋ ಭಾಳ ಚಲೋ ಸುತ್ಯಾರ ಅಂತಿದ್ದಿ, ಯಾರು?" ಅಂದಳು.

"ಮತ್ಯಾರು ಅಕ್ಕಾ, ನಮ್ಮಾಕಿನೇ," ಎಂದು ಇವರು ಶುರು ಮಾಡಿದರು. ಎಳೆ, ಬೆಳಕು, ಕೂದಲ ಸಂದು, ಮದುವೆ ಸೀಸನ್ನು, ಯಾವುದನ್ನೂ ಬಿಡಲಿಲ್ಲ. ನಾನು ಅಡುಗೆಮನೆಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿದೆ. ಇಷ್ಟು ಬಯಸಿದ ಮಾತನ್ನೂ ಅವಳು ಕೇಳಿ ಕೊಡಿಸಬೇಕಾಯಿತಲ್ಲ ಎಂದು ಒಳಗೊಳಗೇ ಉರಿದುಕೊಂಡೇ ಕೇಳಿದೆ.

ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಗಿತ್ತು. ಅದನ್ನು ನಾನೇ ತಿಂದೆ.